ಬ್ಯಾಟರಿ ಕಳಚಿದರೆ ಕಾರಿನ ಕಿಟಕಿ ಏಕೆ ಹಟ ಹಿಡಿಯುತ್ತದೆ?

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರ ಮನೆಯಂಗಳದಲ್ಲಿ ವರ್ಷದ ಹತ್ತು ತಿಂಗಳು ಕವರ್ ಹೊದ್ದು ನಿಂತೇ ಇರುವ ಒಂದು ಕಾರು ಇರುತ್ತದೆ. ತಂದೆಯೋ ಅಣ್ಣನೋ ದುಬೈಯಿಂದ, ದಮ್ಮಾಮ್‌ನಿಂದ ರಜೆಯಲ್ಲಿ ಬಂದಾಗಲೇ ಅದಕ್ಕೆ ಜೀವ. ಬಂದ ಮರುದಿನ ಕವರ್ ತೆಗೆದು ಕೀ ತಿರುಗಿಸಿದರೆ ಒಂದು ‘ಟಕ್’ ಶಬ್ದ, ಅಷ್ಟೇ. ಬ್ಯಾಟರಿ ಸತ್ತಿರುತ್ತದೆ. ಪಕ್ಕದ ಮನೆಯ ಕಾರಿನಿಂದ ಕೇಬಲ್ ಕೊಟ್ಟು ಅಥವಾ ಹೊಸ ಬ್ಯಾಟರಿ ಹಾಕಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಚಾಲಕನ ಬದಿಯ ಗ್ಲಾಸು ಒಂದೇ ಒತ್ತಿಗೆ ಸರ್ರನೆ ಕೆಳಗಿಳಿಯುತ್ತದೆ; ಮೇಲೇರು ಎಂದರೆ ಮಾತ್ರ ಒಂದೊಂದೇ ಇಂಚು ಏರಿ ನಿಲ್ಲುತ್ತದೆ. ಕೆಲವು ಕಾರುಗಳಲ್ಲಿ ತುದಿಯವರೆಗೂ ಹೋಗಿ, ಮುಚ್ಚಿತು ಎನ್ನುವಷ್ಟರಲ್ಲಿ ಮತ್ತೆ ಅರ್ಧಕ್ಕೆ ಇಳಿದು ಬಿಡುತ್ತದೆ. ಇನ್ನು ಕೆಲವದರಲ್ಲಿ ಸ್ವಿಚ್ಚಿನ ಮೇಲಿನ ಸಣ್ಣ ದೀಪ ಮಿಟುಕುತ್ತಿರುತ್ತದೆ. ಹೊರಗೆ ನಮ್ಮ ಕರಾವಳಿಯ ಮಳೆ.

ಇಂಥ ಹೊತ್ತಿನಲ್ಲಿ ಮನೆಯವರು ಬರುವ ತೀರ್ಮಾನ ಸಾಮಾನ್ಯವಾಗಿ ಒಂದೇ: ‘ಮೋಟಾರು ಹೋಯಿತು.’ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯ ಕಾರಿಗೆ ಬಾಗಿಲಿನೊಳಗಿನ ಇಡೀ ಜೋಡಣೆಯನ್ನೇ ಬದಲಿಸಬೇಕು ಎಂದು ಒಬ್ಬ ದುರಸ್ತಿಗಾರರು ಹೇಳಿಯೂ ಬಿಟ್ಟಿದ್ದರು. ಅವಳು ಪ್ರಯೋಗಾಲಯದಲ್ಲಿ ನನ್ನನ್ನು ಕೇಳಿದಳು: “ಮೇಡಂ, ಮೋಟಾರು ಹೋಗಿದ್ದರೆ ಅದು ಕೆಳಗೂ ಇಳಿಯಬಾರದಲ್ಲವಾ?” ಪ್ರಶ್ನೆ ಸರಿಯಾಗಿಯೇ ಇತ್ತು. ಇಳಿಯುವುದಕ್ಕೂ ಏರುವುದಕ್ಕೂ ಇರುವುದು ಒಂದೇ ಮೋಟಾರು. ಪ್ರವಾಹದ ದಿಕ್ಕು ಬದಲಾದರೆ ಅದು ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೇ. ಕೆಳಗಿಳಿಸುವ ಶಕ್ತಿ ಇದ್ದೂ ಒಂದೇ ಒತ್ತಿಗೆ ಮೇಲೇರಿಸಲು ಒಪ್ಪದ ಮೋಟಾರು ಕೆಟ್ಟಿರುವ ಮೋಟಾರಲ್ಲ. ಅದನ್ನು ಆಳುವ ಪುಟ್ಟ ಕಂಪ್ಯೂಟರು ಬೇಕೆಂದೇ ಒಪ್ಪುತ್ತಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದೇ ಈ ಸಂಚಿಕೆಯ ಪಾಠ. ದ್ವಿತೀಯ ಪಿಯುಸಿಯವರಿಗೆ ಇದರಲ್ಲಿ ಎರಡು ಅಧ್ಯಾಯಗಳ ಪುನರಾವರ್ತನೆಯೂ ಆದೀತು. ಕಾರು ಗಂಡಸರ ವಿಷಯ ಎಂದು ಪುಟ ಮಗುಚಬೇಡಿ. ಆ ಮನೆಯ ಕಿಟಕಿಯನ್ನು ಕೊನೆಗೆ ಸರಿ ಮಾಡಿದ್ದು ಅವಳೂ ಅವಳ ಉಮ್ಮನೂ. ಹಿಡಿದದ್ದು ಎರಡು ನಿಮಿಷ.

ಮೊದಲು ಬಾಗಿಲಿನ ಒಳಗೆ ಏನಿದೆ ನೋಡೋಣ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಡಿಸಿ ಮೋಟಾರು. ಅದರ ದಂಡಕ್ಕೆ ತಿರುಪಿನಂಥ ಒಂದು ವರ್ಮ್ ಗೇರು, ಅದಕ್ಕೆ ಹೊಂದಿಕೊಂಡು ಒಂದು ಹಲ್ಲಿನ ಚಕ್ರ, ಅಲ್ಲಿಂದ ತಂತಿಯ ಮೂಲಕವೋ ಕತ್ತರಿಯಾಕಾರದ ತೋಳಿನ ಮೂಲಕವೋ ಗಾಜನ್ನು ಎತ್ತಿಳಿಸುವ ರೆಗ್ಯುಲೇಟರು. ವರ್ಮ್ ಗೇರಿನ ಗುಣ ಗಮನಿಸಿ: ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಆದ್ದರಿಂದಲೇ ಬ್ಯಾಟರಿ ಇಲ್ಲದಿದ್ದರೂ ಗಾಜು ತನ್ನ ಭಾರಕ್ಕೆ ಕುಸಿಯದೆ ಇದ್ದಲ್ಲೇ ನಿಂತಿರುತ್ತದೆ.

ಗಾಜು ನಿಂತಲ್ಲೇ ನಿಂತಿರುತ್ತದೆ ನಿಜ. ಆದರೆ ಎಲ್ಲಿ ನಿಂತಿದೆ ಎಂಬುದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಬಾಗಿಲಿನೊಳಗೆ ಅಳತೆಪಟ್ಟಿಯೂ ಇಲ್ಲ. ಅದು ಮಾಡುವ ಕೆಲಸ ಎಣಿಕೆ. ಮೋಟಾರಿನ ದಂಡದ ಮೇಲೆ ಉಂಗುರದಂಥ ಒಂದು ಅಯಸ್ಕಾಂತ, ಅದರ ಪಕ್ಕದಲ್ಲಿ ಹಾಲ್ ಸಂವೇದಕ. ದಂಡ ತಿರುಗಿದಂತೆ ಉತ್ತರ, ದಕ್ಷಿಣ ಧ್ರುವಗಳು ಸಂವೇದಕದ ಮುಂದೆ ಸರದಿಯಲ್ಲಿ ಹಾದುಹೋಗುತ್ತವೆ. ಪ್ರತಿ ಸಲವೂ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಎರಡು ಸಂವೇದಕಗಳನ್ನು ಸ್ವಲ್ಪ ಅಂತರದಲ್ಲಿ ಇಟ್ಟರೆ ಯಾವುದರ ಮಿಡಿತ ಮೊದಲು ಬಂತು ಎಂಬುದರಿಂದ ದಂಡ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದೂ ಗೊತ್ತಾಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಒಂದು ಮಿಡಿತಕ್ಕೆ ಗಾಜು ಅರ್ಧ ಮಿಲಿಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. 450 ಮಿಲಿಮೀಟರ್ ಎತ್ತರದ ಕಿಟಕಿಗೆ 900 ಮಿಡಿತಗಳಾದವು. ಪೂರ್ತಿ ಮುಚ್ಚಿದ ಜಾಗವೇ ಸೊನ್ನೆ. 300 ಎಣಿಸುವಷ್ಟು ಕೆಳಗಿಳಿದರೆ ಗಾಜು ತುದಿಯಿಂದ 150 ಮಿಲಿಮೀಟರ್ ಕೆಳಗಿದೆ.

ನಮ್ಮಜ್ಜಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಸಾಗುವಾಗ ಯಾರಾದರೂ ಮಧ್ಯೆ ಮಾತಾಡಿಸಿ ಲೆಕ್ಕ ತಪ್ಪಿದರೆ ಅಂದಾಜಿನಲ್ಲಿ ಮುಂದುವರಿಸುತ್ತಿರಲಿಲ್ಲ. ಅಕ್ಕಿಯನ್ನೆಲ್ಲ ಮತ್ತೆ ಸುರಿದು ‘ಲಾಭ’ದಿಂದಲೇ ಶುರು. ಕಿಟಕಿಯ ಕಂಪ್ಯೂಟರು ಕೂಡ ಹಾಗೆಯೇ. ಹಲವು ಕಾರುಗಳಲ್ಲಿ ಈ ಎಣಿಕೆ ಇರುವುದು ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ಸ್ಮೃತಿಯಲ್ಲಿ. ಬ್ಯಾಟರಿ ಕಳಚಿದಾಗ ಎಣಿಕೆ ಅಳಿಸಿಹೋಗುತ್ತದೆ. ಮತ್ತೆ ವಿದ್ಯುತ್ ಬಂದಾಗ ಅದಕ್ಕೆ ಮೋಟಾರನ್ನು ತಿರುಗಿಸಲು ಬರುತ್ತದೆ, ಮಿಡಿತ ಎಣಿಸಲು ಬರುತ್ತದೆ, ಆದರೆ ಎಲ್ಲಿಂದ ಎಣಿಸಬೇಕು ಎಂಬುದು ಮಾತ್ರ ಗೊತ್ತಿಲ್ಲ.

“ಹಾಗಾದರೆ ಅಳಿಯದ ಸ್ಮೃತಿಯಲ್ಲಿ ಬರೆದಿಡಬಹುದಲ್ಲ?” ಎಂದು ಕಂಪ್ಯೂಟರ್ ವಿಜ್ಞಾನದವರು ಕೇಳಬಹುದು. ಬರೆದಿಡುವ ಕಾರುಗಳೂ ಇವೆ. ಅವುಗಳಿಗೆ ಈ ತೊಂದರೆ ಇಲ್ಲ. ಆದರೆ ಗಾಜು ಚಲಿಸುತ್ತಿರುವಾಗಲೇ ವಿದ್ಯುತ್ ಹೋದರೆ ಕೊನೆಯ ಕೆಲವು ಮಿಡಿತಗಳು ಬರೆಯುವ ಮೊದಲೇ ಕಳೆದುಹೋಗಬಹುದು. ವಿದ್ಯುತ್ ಇಲ್ಲದಾಗ ಯಾರಾದರೂ ಬಾಗಿಲು ಬಿಚ್ಚಿ ಗಾಜನ್ನು ಕೈಯಿಂದ ಸರಿಸಿದರೂ ಬರೆದಿಟ್ಟ ಸಂಖ್ಯೆ ಸುಳ್ಳಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ತಪ್ಪು ಸಂಖ್ಯೆಯನ್ನು ನಂಬಿ ಓಡುವ ಯಂತ್ರಕ್ಕಿಂತ ‘ನನಗೆ ಗೊತ್ತಿಲ್ಲ’ ಎಂದು ನಿಲ್ಲುವ ಯಂತ್ರವೇ ವಾಸಿ. ಏಕೆಂದರೆ ಇಲ್ಲಿ ಪಣಕ್ಕಿರುವುದು ಗಾಜಲ್ಲ, ಮಗುವಿನ ಕೈ. ಕೆಲವೊಮ್ಮೆ ಕತ್ತು.

ಒಂದೇ ಒತ್ತಿಗೆ ಪೂರ್ತಿ ಮೇಲೇರುವ ಕಿಟಕಿಯ ಅಪಾಯವನ್ನು ಯೋಚಿಸಿ. ಹಬ್ಬದ ದಿನ ನೆಂಟರ ಮನೆಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಐದಾರು ಮಕ್ಕಳು. ಒಬ್ಬ ತಲೆ ಹೊರಹಾಕಿದ್ದಾನೆ, ಇನ್ನೊಬ್ಬಳ ಬೆರಳು ಗಾಜಿನ ಅಂಚಿನ ಮೇಲಿದೆ. ಚಾಲಕರು ಎ.ಸಿ. ಹಾಕಿ, ಸ್ವಿಚ್ಚನ್ನು ಒಮ್ಮೆ ಎಳೆದು ಬಿಟ್ಟು ರಸ್ತೆ ನೋಡುತ್ತಿದ್ದಾರೆ. ಗಾಜು ತಾನಾಗಿ ಏರುತ್ತಿದೆ. ಇದಕ್ಕಾಗಿಯೇ ಇಂಥ ಕಿಟಕಿಗಳಿಗೆ ಅಡ್ಡ ಸಿಕ್ಕಿದ್ದನ್ನು ಗುರುತಿಸಿ ಹಿಂದಕ್ಕೆ ಸರಿಯುವ ರಕ್ಷಣೆ ಇರುತ್ತದೆ. ತಾನಾಗಿ ಹಿಮ್ಮರಳುವ ಕಿಟಕಿಗಳಿಗೆ ಅಮೆರಿಕದ ನಿಯಮವೂ ವಿಶ್ವಸಂಸ್ಥೆಯ ವಾಹನ ನಿಯಮವೂ ಹಾಕಿರುವ ಮಿತಿ 100 ನ್ಯೂಟನ್. ಸುಮಾರು 10 ಕಿಲೋಗ್ರಾಂ ತೂಕದಷ್ಟು ಬಲ. ಮೇಲ್ತುದಿಯಿಂದ 4 ಮಿಲಿಮೀಟರ್‌ನಿಂದ 200 ಮಿಲಿಮೀಟರ್‌ವರೆಗಿನ ತೆರಪಿನಲ್ಲಿ ಏನೇ ಸಿಕ್ಕಿಬಿದ್ದರೂ ಬಲ ಆ ಮಿತಿಯನ್ನು ದಾಟುವ ಮೊದಲೇ ಗಾಜು ಹಿಂದೆ ಸರಿಯಬೇಕು.

ಅಡ್ಡ ಸಿಕ್ಕಿದ್ದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ? ಇಲ್ಲಿ ನಿಮ್ಮ ಪಠ್ಯದ ಬ್ಯಾಕ್ ಇಎಂಎಫ್ ಬರುತ್ತದೆ. ತಿರುಗುವ ಮೋಟಾರು ತಾನೇ ಒಂದು ಜನರೇಟರಿನಂತೆ ವರ್ತಿಸಿ ಬ್ಯಾಟರಿಗೆ ಎದುರಾಗಿ ಇಎಂಎಫ್ ಹುಟ್ಟಿಸುತ್ತದೆ. ಆದ್ದರಿಂದ

ಪ್ರವಾಹ = (ಬ್ಯಾಟರಿಯ ವೋಲ್ಟೇಜ್ − ಬ್ಯಾಕ್ ಇಎಂಎಫ್) ÷ ರೋಧ.

ಬ್ಯಾಟರಿ 12 ವೋಲ್ಟ್, ಸುರುಳಿಯ ರೋಧ 0.8 ಓಮ್, ಸರಾಗವಾಗಿ ಓಡುವಾಗ ಬ್ಯಾಕ್ ಇಎಂಎಫ್ 8 ವೋಲ್ಟ್ ಎಂದುಕೊಂಡರೆ ಪ್ರವಾಹ 5 ಆಂಪಿಯರ್. ಗಾಜಿಗೆ ಏನೋ ಅಡ್ಡ ಬಂದು ಮೋಟಾರು ನಿಧಾನವಾದರೆ ಬ್ಯಾಕ್ ಇಎಂಎಫ್ ಇಳಿಯುತ್ತದೆ, ಪ್ರವಾಹ ಏರುತ್ತದೆ. ಪೂರ್ತಿ ನಿಂತೇಹೋದರೆ ಬ್ಯಾಕ್ ಇಎಂಎಫ್ ಸೊನ್ನೆ, ಪ್ರವಾಹ 15 ಆಂಪಿಯರ್. ಇತ್ತ ಹಾಲ್ ಸಂವೇದಕದ ಮಿಡಿತಗಳ ನಡುವಿನ ಅಂತರವೂ ಹಿಗ್ಗುತ್ತದೆ. ಈ ಸೂಚನೆ ಸಿಕ್ಕ ಕೂಡಲೇ ಪ್ರವಾಹದ ದಿಕ್ಕು ಬದಲಿಸಿ ಗಾಜನ್ನು ಇಳಿಸಬೇಕು.

ಆದರೆ ಒಂದು ತೊಡಕಿದೆ. ಗಾಜು ಮೇಲ್ತುದಿಯ ರಬ್ಬರ್ ಬೀಡಿಂಗಿನೊಳಗೆ ನುಗ್ಗುವಾಗಲೂ ಮೋಟಾರು ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಮೋಟಾರಿನ ಕಡೆಯಿಂದ ನೋಡಿದರೆ ರಬ್ಬರೂ ಒಂದೇ, ಬೆರಳೂ ಒಂದೇ. ಎರಡನ್ನೂ ಬೇರೆ ಮಾಡುವ ಗುರುತು ಒಂದೇ ಒಂದು: ಜಾಗ. ಕೊನೆಯ 4 ಮಿಲಿಮೀಟರಿನಲ್ಲಿ ಸಿಕ್ಕ ತಡೆ ರಬ್ಬರು. ಪುಟ್ಟ ಮಗುವಿನ ಕಿರುಬೆರಳು ಕೂಡ ಅದಕ್ಕಿಂತ ದಪ್ಪ. ಅದಕ್ಕೂ ಕೆಳಗೆ ಸಿಕ್ಕ ತಡೆಯನ್ನು ಕೈ ಎಂದೇ ತಿಳಿಯಬೇಕು. ನಮ್ಮ ಲೆಕ್ಕದಲ್ಲಿ 4 ಮಿಲಿಮೀಟರ್ ಎಂದರೆ ಬರೀ 8 ಮಿಡಿತ. 900ರಲ್ಲಿ 8! ಎಣಿಕೆ ಇಲ್ಲದ ಕಂಪ್ಯೂಟರಿಗೆ ಈ ಗೆರೆ ಎಲ್ಲಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಅದು ಒಂದೇ ಒತ್ತಿಗೆ ಏರುವ ಸೌಲಭ್ಯವನ್ನೇ ನಿಲ್ಲಿಸಿ, ‘ಸ್ವಿಚ್ಚನ್ನು ನೀವೇ ಹಿಡಿದುಕೊಳ್ಳಿ, ಕಣ್ಣಿಟ್ಟು ನೋಡಿಕೊಳ್ಳಿ’ ಎನ್ನುತ್ತದೆ. ಇಳಿಯುವಾಗ ಬೆರಳು ಜಜ್ಜುವ ಭಯವಿಲ್ಲದ್ದರಿಂದ ಹಲವು ಕಾರುಗಳಲ್ಲಿ ಒಂದೇ ಒತ್ತಿಗೆ ಇಳಿಯುವುದು ಮಾತ್ರ ಮುಂದುವರಿಯುತ್ತದೆ. ನನ್ನ ವಿದ್ಯಾರ್ಥಿನಿ ಗಮನಿಸಿದ್ದು ಇದನ್ನೇ.

ಹಾಲ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಡ್ವಿನ್ ಹಾಲ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ಕಾಂತಕ್ಷೇತ್ರದ ಬಲ ತಂತಿಯ ಮೇಲೆ ಬೀಳುತ್ತದೆಯೇ ಹೊರತು ಅದರೊಳಗಿನ ಪ್ರವಾಹದ ಮೇಲಲ್ಲ ಎಂಬರ್ಥದ ಮಾತನ್ನು ಮ್ಯಾಕ್ಸ್‌ವೆಲ್ ಅವರ ಗ್ರಂಥದಲ್ಲಿ ಓದಿ ಅವರಿಗೆ ಸಂಶಯ ಬಂತು. ಮ್ಯಾಕ್ಸ್‌ವೆಲ್ ಎಂದರೆ ಆಗ ಕೊನೆಯ ಮಾತು. ಆದರೂ ಪರೀಕ್ಷಿಸಿ ನೋಡಿದರು. ತೆಳುವಾದ ಚಿನ್ನದ ಹಾಳೆಯಲ್ಲಿ ಪ್ರವಾಹ ಹರಿಸಿ, ಹಾಳೆಗೆ ಲಂಬವಾಗಿ ಕಾಂತಕ್ಷೇತ್ರ ಕೊಟ್ಟಾಗ ಹಾಳೆಯ ಎರಡು ಅಂಚುಗಳ ನಡುವೆ ಸಣ್ಣ ವಿಭವಾಂತರ ಕಾಣಿಸಿತು. ಚಲಿಸುವ ವಿದ್ಯುದಂಶಗಳು ಕಾಂತಬಲದಿಂದ ಒಂದು ಅಂಚಿಗೆ ಒತ್ತರಿಸಲ್ಪಡುತ್ತವೆ ಎಂದು ನಾವು ಈಗ ಸುಲಭವಾಗಿ ಹೇಳುತ್ತೇವೆ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು 1897ರಲ್ಲಿ. ಅಂದರೆ ಏನು ಹರಿಯುತ್ತಿದೆ ಎಂದೇ ತಿಳಿಯದ 18 ವರ್ಷ ಮೊದಲೇ ಹಾಲ್ ಅದರ ಸರಿದಾಟವನ್ನು ಅಳೆದಿದ್ದರು. ಪರೀಕ್ಷೆಯಲ್ಲಿ ಇದು ಬರುವುದಿಲ್ಲ, ಬಾರದಿದ್ದರೆ ಏನಾಯಿತು.

ಈಗ ಕೆಲಸಕ್ಕೆ ಇಳಿಯೋಣ. ಕಿಟಕಿಗೆ ಅದರ ಸೊನ್ನೆಯನ್ನು ಮತ್ತೆ ಕಲಿಸುವ ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬೇರೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಯಾರೂ ತೆರೆಯದೆ ಬಿದ್ದಿರುವ ಮಾಲೀಕರ ಕೈಪಿಡಿಯಲ್ಲಿ ‘ಪವರ್ ವಿಂಡೋ’ ಎಂಬಲ್ಲಿ ‘ಇನಿಶಿಯಲೈಸೇಶನ್’ ಅಥವಾ ‘ರೀಸೆಟ್’ ಎಂದು ಹುಡುಕಿದರೆ ನಿಮ್ಮ ಕಾರಿನ ಕ್ರಮ ಸಿಗುತ್ತದೆ. ಹೆಚ್ಚಿನವುಗಳ ತಿರುಳು ಮಾತ್ರ ಒಂದೇ. ಬ್ಯಾಟರಿಯ ಎರಡೂ ಟರ್ಮಿನಲ್ ಬಿಗಿಯಾಗಿವೆಯೇ ನೋಡಿ, ಎಂಜಿನ್ ಚಾಲೂ ಮಾಡಿ. ಬಾಗಿಲುಗಳನ್ನು ಮುಚ್ಚಿ. ಗಾಜನ್ನು ಪೂರ್ತಿ ಕೆಳಗಿಳಿಸಿ, ಇಳಿದ ಮೇಲೂ ಸ್ವಿಚ್ಚನ್ನು ಎರಡು ಸೆಕೆಂಡು ಒತ್ತಿಯೇ ಹಿಡಿಯಿರಿ. ಬಳಿಕ ಸ್ವಿಚ್ಚನ್ನು ಮೇಲಕ್ಕೆ ಎಳೆದು, ನಡುವೆ ಎಲ್ಲಿಯೂ ಬಿಡದೆ ಗಾಜು ಪೂರ್ತಿ ಮುಚ್ಚುವವರೆಗೆ ಹಿಡಿದುಕೊಳ್ಳಿ. ಮುಚ್ಚಿದ ಮೇಲೂ ಕೈ ತೆಗೆಯಬೇಡಿ. ಕೆಲವಕ್ಕೆ ಒಂದೆರಡು ಸೆಕೆಂಡು ಸಾಕು, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಕೆಲವು ಕಾರುಗಳಲ್ಲಿ ಗಾಜು ಅರ್ಧ ತೆರೆದಿರುವಲ್ಲಿಂದ ಶುರು ಮಾಡಬೇಕು. ಮಿಟುಕುವ ದೀಪ ಇರುವ ಕಾರಿನಲ್ಲಿ ಅದು ನಿಂತರೆ ಪಾಠ ಮುಗಿಯಿತು ಎಂದರ್ಥ. ನಡುವೆ ಬೆರಳು ಜಾರಿದರೆ ಅಜ್ಜಿಯ ಅಕ್ಕಿಯಂತೆ ಮತ್ತೆ ‘ಲಾಭ’ದಿಂದ. ಒಂದೇ ಒತ್ತಿಗೆ ಏರುವ ಸೌಲಭ್ಯ ನಾಲ್ಕೂ ಬಾಗಿಲಿಗೆ ಇದ್ದರೆ ನಾಲ್ಕಕ್ಕೂ ಬೇರೆ ಬೇರೆಯಾಗಿ ಕಲಿಸಬೇಕು, ಕೆಲವು ಕಾರುಗಳಲ್ಲಿ ಆಯಾ ಬಾಗಿಲಿನ ಸ್ವಿಚ್ಚಿನಿಂದಲೇ. ಆ ಸೌಲಭ್ಯವೇ ಇಲ್ಲದ ಬಾಗಿಲಿಗೆ ಇದಾವುದೂ ಬೇಡ. ನಮ್ಮಲ್ಲಿ ಎಷ್ಟೋ ಕಾರುಗಳಲ್ಲಿ ಅದು ಚಾಲಕನ ಬದಿಗೆ ಮಾತ್ರ ಇರುತ್ತದೆ.

ಮುಚ್ಚಿದ ಮೇಲೂ ಹಿಡಿದಿರಬೇಕು ಏಕೆ ಎಂಬುದನ್ನು ಈಗ ನೀವೇ ಹೇಳಬಲ್ಲಿರಿ. ಸ್ವಿಚ್ಚು ಒತ್ತಿಯೇ ಇದೆ, ಮೋಟಾರಿಗೆ ಪ್ರವಾಹ ಹೋಗುತ್ತಿದೆ, ಆದರೂ ಮಿಡಿತ ಬರುತ್ತಿಲ್ಲ. ಇಷ್ಟು ಹೊತ್ತು ಹೀಗಿದ್ದರೆ ಇದೇ ಮೇಲ್ತುದಿ ಎಂದು ಕಂಪ್ಯೂಟರು ತಿಳಿದು, ಎಣಿಕೆಗೆ ಸೊನ್ನೆ ಬರೆದುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹೀಗೆ ಕಲಿಸುವ ಹೊತ್ತಿನಲ್ಲಿ ಹಿಮ್ಮರಳುವ ರಕ್ಷಣೆ ಇಲ್ಲ ಎಂದೇ ತಿಳಿಯಿರಿ. ಸಿಕ್ಕಿದ್ದು ಏನಿದ್ದರೂ ಮೋಟಾರು ತನ್ನ ಪೂರ್ತಿ ಬಲದಿಂದ ಒತ್ತುತ್ತದೆ. ಆದ್ದರಿಂದ ಮಕ್ಕಳನ್ನು ಕಾರಿನಿಂದ ಇಳಿಸಿ, ಹೊರಗೆ ನಿಂತವರು ಗಾಜಿನ ಮೇಲೆ ಕೈಯಿಡದಂತೆ ನೋಡಿ, ಆಮೇಲೆ ಶುರು ಮಾಡಿ. ಬ್ಯಾಟರಿ ಹಾಕಿದ ಗಳಿಗೆಯಿಂದ ರೀಸೆಟ್ ಮುಗಿಯುವವರೆಗೆ ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೊರಡುವುದೂ ಬೇಡ. ರಕ್ಷಣೆ ಮರಳಿದೆಯೇ ಎಂದು ಪರೀಕ್ಷಿಸುವುದಾದರೆ ಸುರುಳಿ ಸುತ್ತಿದ ದಿನಪತ್ರಿಕೆಯನ್ನು ಅಡ್ಡ ಹಿಡಿದು, ಸ್ವಿಚ್ಚನ್ನು ಒಮ್ಮೆ ಎಳೆದು ಬಿಟ್ಟು ನೋಡಿ. ಪತ್ರಿಕೆ ಉದ್ದವಿರಲಿ, ಬೆರಳು ತೆರಪಿನಿಂದ ದೂರವಿರಲಿ. ಕೈಯಿಟ್ಟು ಪರೀಕ್ಷಿಸುವ ಶೌರ್ಯ ಬೇಡ. ರಕ್ಷಣೆ ಇದ್ದ ಕಾರಿನಲ್ಲೂ ಸ್ವಿಚ್ಚನ್ನು ಎಳೆದು ಹಿಡಿದೇ ಇದ್ದರೆ ಕೆಲವೊಮ್ಮೆ ಅದು ಕೆಲಸ ಮಾಡುವುದಿಲ್ಲ.

ಸ್ವಿಚ್ಚಿನ ಆಕಾರದ ಹಿಂದೆಯೂ ಇದೇ ಯೋಚನೆ ಇದೆ. ಹಳೆಯ ಕೆಲವು ಕಾರುಗಳಲ್ಲಿ ಮೇಲಕ್ಕೂ ಕೆಳಕ್ಕೂ ಒತ್ತುವ ಸ್ವಿಚ್ಚುಗಳಿದ್ದವು. ಹೊರಗೆ ಇಣುಕಲು ಬಾಗಿಲ ಮೇಲೆ ಮಂಡಿಯೂರಿದ ಮಗುವಿನ ಮೊಣಕಾಲು ತಾಗಿದರೆ ಸಾಕು, ಗಾಜು ಮೇಲೇರಿ ಮಗುವಿನ ಕತ್ತಿಗೆ ಬರುತ್ತಿತ್ತು. ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡ ಮೇಲೆ, ಆಕಸ್ಮಿಕವಾಗಿ ತಾಗಿದರೆ ಗಾಜು ಏರದಂಥ ಸ್ವಿಚ್ಚು ಇರಬೇಕೆಂದು ಅಮೆರಿಕ 2004ರಲ್ಲಿ ನಿಯಮ ತಂದಿತು. ಈಗಿನ ಸ್ವಿಚ್ಚನ್ನು ಬೆರಳಿನಿಂದ ಮೇಲಕ್ಕೆ ಎಳೆದರೆ ಮಾತ್ರ ಗಾಜು ಏರುತ್ತದೆ. ಮೊಣಕಾಲು ಎಷ್ಟು ಒತ್ತಿದರೂ ಇಳಿಯಬಹುದೇ ಹೊರತು ಏರುವುದಿಲ್ಲ.

ಎರಡು ಮೂರು ಸಲ ರೀಸೆಟ್ ಮಾಡಿದರೂ ಗಾಜು ತುದಿಗೆ ಮುನ್ನವೇ ಹಿಂದೆ ಸರಿಯುತ್ತಿದ್ದರೆ ಬೀಡಿಂಗನ್ನು ನೋಡಿ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಧೂಳು, ಬೂಸ್ಟು ಸೇರಿ ರಬ್ಬರು ಬಿಗಿಯಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್ ಬೇಡ, ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಗಾಜು ಯಾವ ಕಡೆಗೂ ಅಲುಗದಿದ್ದರೆ ಅದು ಮರೆವಿನ ಕತೆಯಲ್ಲ. ಫ್ಯೂಸು, ಸ್ವಿಚ್ಚು, ವೈರು ಅಥವಾ ನಿಜವಾಗಿಯೂ ಮೋಟಾರು. ಆಗ ಮೆಕ್ಯಾನಿಕ್ ಬೇಕು.

ಬ್ಯಾಟರಿ ಸಾಯದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ನಿಂತ ಕಾರು ಕೂಡ ಗಡಿಯಾರ, ಅಲಾರಂ, ಸ್ಮೃತಿಗಳಿಗಾಗಿ ಅಲ್ಪ ಪ್ರವಾಹ ಎಳೆಯುತ್ತಲೇ ಇರುತ್ತದೆ. ಅದು 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 0.72 ಆಂಪಿಯರ್-ಗಂಟೆ; 45 ಆಂಪಿಯರ್-ಗಂಟೆಯ ಬ್ಯಾಟರಿ 62 ದಿನಗಳಲ್ಲಿ ಖಾಲಿ. ಎಂಜಿನ್ ಎಬ್ಬಿಸುವ ತಾಕತ್ತು ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ದೀರ್ಘ ಕಾಲ ನಿಲ್ಲಿಸುವುದಾದರೆ ಗಾಜುಗಳನ್ನೆಲ್ಲ ಮುಚ್ಚಿ, ಕೀಯನ್ನು ಕೈಯಲ್ಲಿಟ್ಟುಕೊಂಡು, ಋಣ ಟರ್ಮಿನಲ್ಲನ್ನು ಕಳಚಿಡಿ. ಧನ ಟರ್ಮಿನಲ್ಲಿಗೆ ಮೊದಲು ಸ್ಪ್ಯಾನರ್ ಹಾಕಬೇಡಿ: ಕಾರಿನ ಮೈಯೆಲ್ಲ ಋಣಕ್ಕೆ ಸೇರಿರುವುದರಿಂದ ಸ್ಪ್ಯಾನರಿನ ಇನ್ನೊಂದು ತುದಿ ಎಲ್ಲಿ ತಾಗಿದರೂ ಶಾರ್ಟ್ ಸರ್ಕ್ಯೂಟ್. ಮರಳಿ ಜೋಡಿಸುವಾಗ ಋಣ ಕೊನೆಗೆ. ಆಮೇಲೆ ಮೇಲೆ ಹೇಳಿದ ಎರಡು ನಿಮಿಷದ ಕೆಲಸ ಇದ್ದೇ ಇದೆ.

ಈ ಸಲದ ಲೆಕ್ಕ: ಒಂದು ಕಿಟಕಿಯ ಎತ್ತರ 480 ಮಿಲಿಮೀಟರ್, ಒಂದು ಮಿಡಿತಕ್ಕೆ ಗಾಜು 0.6 ಮಿಲಿಮೀಟರ್ ಸರಿಯುತ್ತದೆ. ಪೂರ್ತಿ ಏರಲು ಎಷ್ಟು ಮಿಡಿತ ಬೇಕು? ಕಂಪ್ಯೂಟರಿನ ಎಣಿಕೆ 20 ಮಿಡಿತ ತಪ್ಪಿದೆ ಎಂದುಕೊಳ್ಳಿ. ತಪ್ಪು ಎರಡು ರೀತಿ ಇರಬಹುದು: ಗಾಜು ನಿಜಕ್ಕಿಂತ ಕೆಳಗಿದೆ ಎಂದು ಅದು ತಿಳಿದಿರಬಹುದು, ಇಲ್ಲವೇ ನಿಜಕ್ಕಿಂತ ಮೇಲಿದೆ ಎಂದು ತಿಳಿದಿರಬಹುದು. ಒಂದರಲ್ಲಿ ಗಾಜು ಮುಚ್ಚದೆ ಬರೀ ಕಿರಿಕಿರಿ, ಇನ್ನೊಂದರಲ್ಲಿ ಬೆರಳಿಗೆ ಅಪಾಯ. ಯಾವುದು ಯಾವುದು, ಎಷ್ಟು ಮಿಲಿಮೀಟರಿನವರೆಗೆ? ಚಿತ್ರ ಬರೆದು ಉತ್ತರಿಸಿ, ಭೌತಶಾಸ್ತ್ರ ಪ್ರಯೋಗಾಲಯದ ಬಾಗಿಲಲ್ಲಿರುವ ಪೆಟ್ಟಿಗೆಗೆ ಹಾಕಿ.